ಹತ್ತು ನಿಮಿಷ ಕನ್ನಡ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂತು, ಇವರ ಅಡುಗೆಮನೆ ಹೇಗಿದೆಯೋ, ನೀರು ಸೋಸಿ ಕುಡಿಯುತ್ತಾರೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವವರ ಪೈಕಿ ನಾನು. ಹಾಲಿನವನು ಕ್ಯಾನು ಇಳಿಸುವ ಮೊದಲೇ ಲ್ಯಾಕ್ಟೋಮೀಟರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಗೃಹವಿಜ್ಞಾನ ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ? "ನೀ ಇನ್‌ಸ್ಪೆಕ್ಟರ್ ಆಗಬೇಕಾದಾಕಿ, ದಾರಿ ತಪ್ಪಿ ನನಗ ಗಂಟುಬಿದ್ದಿ" ಎಂದು ನನ್ನ ಗಂಡ ಛೇಡಿಸುತ್ತಿದ್ದರು. ನಾವಿಬ್ಬರೂ ಧಾರವಾಡದವರು. ಅವರದು ಬ್ಯಾಂಕಿನ ಕೆಲಸ. ವರ್ಗವಾದಂತೆಲ್ಲ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ, ಆಮೇಲೆ ವಡೋದರದಲ್ಲಿ, ಕೊನೆಗೆ ಸೂರತ್‌ನ ಅಡಾಜಣ್‌ನಲ್ಲಿ ಬಾಡಿಗೆ ಫ್ಲಾಟು ಹಿಡಿದೆವು. ಎರಡು ಸಾವಿರದ ಇಸವಿ ದಾಟಿದ ಮೊದಲ ಕೆಲವು ವರ್ಷ ಹೀಗೇ ಸಾಮಾನು ಕಟ್ಟುತ್ತ ಬಿಚ್ಚುತ್ತ ಕಳೆದವು. ಈ ಮೂರು ಊರುಗಳಲ್ಲಿ ಒಂದರಲ್ಲಿ ನಾನು ನಿಜವಾಗಿಯೂ ಇನ್‌ಸ್ಪೆಕ್ಟರ್ ಆದೆ, ಜೈಲಿಗೆ. ಯಾವ ಊರು ಎಂದು ಹೇಳುವುದಿಲ್ಲ. ಇಲ್ಲಿ ಹೇಳಬೇಕಾದದ್ದು ಊರಿನ ತಪ್ಪಲ್ಲ, ನನ್ನದು.

ಜೈಲನ್ನು ನೋಡಿ ಬರಲು ಸರ್ಕಾರಿ ನೌಕರರಲ್ಲದ ಕೆಲವರನ್ನು ನೇಮಿಸುವ ಪದ್ಧತಿ ಇದೆ. ತಿಂಗಳಿಗೊಮ್ಮೆ ಒಳಗೆ ಹೋಗಿ ಅಡುಗೆ, ನೀರು, ಕಕ್ಕಸು, ಔಷಧಿ ನೋಡಬೇಕು. ಕೈದಿಗಳ ಜೊತೆ ಮಾತಾಡಬೇಕು. ಹೊರಡುವಾಗ ಸೂಪರಿಂಟೆಂಡೆಂಟರ ಮೇಜಿನ ಮೇಲಿರುವ ವಿಸಿಟ್ ಬುಕ್ಕಿನಲ್ಲಿ ಕಂಡದ್ದನ್ನು ಬರೆಯಬೇಕು, ಅವರು ಅದರ ಕೆಳಗೆ ಉತ್ತರ ಬರೆಯಬೇಕು. ನಮ್ಮ ಕೆಳಗಿನ ಫ್ಲಾಟಿನಲ್ಲಿದ್ದ ಗುಜರಾತಿ ಹೆಂಗಸೊಬ್ಬರು ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದರು. ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಸೊಸೈಟಿಯವರೆಲ್ಲ ಅವರನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ನೀರಿನ ಟ್ಯಾಂಕು ತೊಳೆಸಲಿಲ್ಲವೆಂದು ನಾನು ಸೊಸೈಟಿಯ ಸೆಕ್ರೆಟರಿಯ ಜೊತೆ ಜಗಳಕ್ಕೆ ನಿಂತದ್ದನ್ನು ಮೆಟ್ಟಿಲ ಮೇಲಿಂದ ನೋಡಿದ ಬೆನ್, ಮಾರನೆಯ ದಿನವೇ ನನ್ನ ಹೆಸರು ಸೂಚಿಸಿದರು.

ಬೆನ್ ಕೆಲಸ ಮಾಡುವ ರೀತಿ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಹೆಂಗಸರ ಬ್ಯಾರಕ್ಕಿನಲ್ಲಿ ಸಾಲಾಗಿ ಕೂತ ಪ್ರತಿಯೊಬ್ಬಳ ಮುಂದೆಯೂ ಅಷ್ಟಷ್ಟೇ ಹೊತ್ತು ನಿಲ್ಲುವರು. ಊಟ ಹೇಗಿದೆ, ನಿದ್ದೆ ಬರುತ್ತದೆಯೇ, ಡಾಕ್ಟರು ಬಂದಿದ್ದರೇ, ಮನೆಯವರು ಬಂದಿದ್ದರೇ, ಇವೇ ನಾಲ್ಕು ಪ್ರಶ್ನೆ. ಪಕ್ಕದಲ್ಲಿ ಕಾವಲಿನ ಮೇಟ್ರನ್ ನಿಂತಿರುತ್ತಿದ್ದಳು, ಎಲ್ಲರೂ "ಬಧು ಸಾರು ಛೆ, ಎಲ್ಲ ಚೆನ್ನಾಗಿದೆ" ಎನ್ನುತ್ತಿದ್ದರು. ಬೆನ್ ತಲೆ ಆಡಿಸಿ ಮುಂದಿನವಳ ಹತ್ತಿರ ಹೋಗುವರು. ನನಗೆ ಹಿಂದೆ ನಿಂತು ಕಾಲು ಜೋಮು ಹಿಡಿಯುತ್ತಿತ್ತು. ಇದೇನು ತನಿಖೆಯೋ ಹಾಜರಿ ಕರೆಯುವುದೋ ಎಂದು ಒಮ್ಮೆ ಕೇಳಿಯೇಬಿಟ್ಟೆ. "ಎಲ್ಲರ ಹತ್ತಿರವೂ ಅಷ್ಟೇ ಹೊತ್ತು ನಿಲ್ಲು" ಎಂದರಷ್ಟೇ. ವಯಸ್ಸಾಯಿತು, ಧೈರ್ಯ ಉಡುಗಿದೆ ಎಂದುಕೊಂಡೆ.

ಐದನೆಯ ಸಲವೋ ಆರನೆಯ ಸಲವೋ ನಾನೊಬ್ಬಳೇ ಹೋಗಬೇಕಾಯಿತು. ಬೆನ್ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಆಟೋದಲ್ಲಿ ಕೂತಾಗ ನನಗೆ ಹೆದರಿಕೆಗಿಂತ ಹುಮ್ಮಸ್ಸೇ ಜಾಸ್ತಿ ಇತ್ತು. ಹೆಂಗಸರ ಬ್ಯಾರಕ್ಕಿನ ಬಚ್ಚಲಿಗೆ ನೇರ ನುಗ್ಗಿದೆ. ಫಿನಾಯಿಲ್ ವಾಸನೆ ಮೂಗಿಗೆ ಅಡರಿತು. ಒರೆಸಿದ ನೆಲ ಲಕಲಕ ಎನ್ನುತ್ತಿತ್ತು. ಗೂಡಿನಲ್ಲಿ ಸೋಪಿತ್ತು, ಅದರ ಮೇಲೆ ಅಚ್ಚೊತ್ತಿದ ಅಕ್ಷರ ಇನ್ನೂ ಮಾಸಿರಲಿಲ್ಲ. ನೀರು ಹರಿದುಹೋಗುವ ಕಂಡಿಯಲ್ಲಿ ಧೂಳು ಒಣಗಿ ಕೂತಿತ್ತು. "ಬೀಗರು ಬರ್ತಾರಂತ ತೊಳದಿಟ್ಟಂಗ ಅದ ನೋಡು" ಎಂದು ನನ್ನಷ್ಟಕ್ಕೆ ಗೊಣಗಿದೆ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಬೀಗರು ಹ್ವಾದ ಮ್ಯಾಲ ಕೀಲಿ ಹಾಕ್ತಾರ್ರೀ ಬಾಯಾರ."

ತಿರುಗಿ ನೋಡಿದೆ. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಕಸಬರಿಗೆ. ವಿಜಾಪುರದ ಕಡೆಯವಳು, ಕಟ್ಟಡದ ಕೆಲಸಕ್ಕೆಂದು ತಂಗಿಯ ಜೊತೆ ಬಂದವಳು, ಈಗ ವಿಚಾರಣಾ ಕೈದಿ. ಯಾವ ಕೇಸು ಎಂದು ಕೇಳುವುದು ನಮ್ಮ ಕೆಲಸವಲ್ಲ, ಕೇಳಲಿಲ್ಲ. ಅವಳ ಕಣ್ಣು ತುಂಬಿಬಂದಿತ್ತು, ಬಾಯಿ ಮಾತ್ರ ನಗುತ್ತಿತ್ತು.

"ಎಂಟ ತಿಂಗಳಾತ್ರೀ ಹಿಂಗ ಸನೇಕ ಕನ್ನಡ ಕೇಳಿ. ನಮ್ಮ ತಂಗಿ ಸೋಮಾರಕ್ಕೊಮ್ಮೆ ಬರ್ತಾಳ. ಜಾಲರಿ ಆಚೀಕ ಎಲ್ಲಾರೂ ಒಮ್ಮೆಲೆ ಒದರ್ತಾರ, ಒಂದೂ ತಿಳಿಯಂಗಿಲ್ಲ. ಮಾರಿ ನೋಡ್ತೀನಿ, ಅಷ್ಟ. ಅದೊಂದ ಇಲ್ಲಾಂದ್ರ ಹುಚ್ಚ ಹಿಡೀತಿತ್ತು ನೋಡ್ರಿ."

ಆಮೇಲೆ ಅವಳು ಮೇಟ್ರನ್ ಕಡೆ ಕಣ್ಣು ಹಾಯಿಸಿ ಮತ್ತೆ ಗುಡಿಸಲು ಬಾಗಿದಳು. ಮೇಟ್ರನ್ ಬಾಗಿಲಿಗೆ ಒರಗಿ ನಮ್ಮನ್ನೇ ನೋಡುತ್ತ ನಿಂತಿದ್ದಳು.

"ಹೆದರಬ್ಯಾಡ, ಹೇಳು. ಇಲ್ಲಿ ಯಾರಿಗೆ ಕನ್ನಡ ತಿಳೀತದ?" ಎಂದೆ.

ಆ ಮಾತು ಹೇಳಿದಾಗ ನನಗಿದ್ದ ಖುಷಿ ಇವತ್ತೂ ನೆನಪಿದೆ. ನಮ್ಮಿಬ್ಬರಿಗೇ ಗೊತ್ತಿರುವ ಭಾಷೆ, ಎದುರಿಗೆ ಪೆದ್ದುಪೆದ್ದಾಗಿ ನಿಂತ ಕಾವಲು! ಅವಳು ಹೇಳುತ್ತ ಹೋದಳು. ಬಚ್ಚಲಿನ ಬೀಗ ತೆಗೆಯುವುದು ನಾವು ಬರುವ ದಿನ ಮಾತ್ರ. ಉಳಿದ ದಿನ ಇಡೀ ಬ್ಯಾರಕ್ಕಿಗೆ ಅಂಗಳದ ಒಂದೇ ನಳ, ಅದೂ ಬೆಳಿಗ್ಗೆ ಸ್ವಲ್ಪ ಹೊತ್ತು. ಮುಟ್ಟಾದವರಿಗೆ ಬಟ್ಟೆ ಒಗೆದುಕೊಳ್ಳಲು ನೀರಿಲ್ಲ. ನಳದ ಹತ್ತಿರದ ಪಾಚಿಯಲ್ಲಿ ಜಾರಿ ಮುದುಕಿಯೊಬ್ಬಳ ಮಣಿಕಟ್ಟು ಮುರಿದಿದೆ, ಮುಲಾಮು ಹಚ್ಚಿ ಕೂರಿಸಿದ್ದಾರೆ. ಹತ್ತು ನಿಮಿಷವಾದರೂ ಮಾತಾಡಿದೆವು. ನಡುವೆ ಬದನೆಕಾಯಿ ಎಣ್ಣೆಗಾಯಿಯ ವಿಷಯವೂ ಬಂತು, ಇಬ್ಬರೂ ಜೋರಾಗಿ ನಕ್ಕೆವು. ಉಳಿದ ಹೆಂಗಸರನ್ನು ನಾನು "ಎಲ್ಲ ಸರಿ ಇದೆಯಾ?" ಎಂದು ಹಿಂದಿಯಲ್ಲಿ ಒಟ್ಟಿಗೇ ಕೇಳಿ ಮುಗಿಸಿದೆ.

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಚಹಾ ತಣ್ಣಗಾಗುವವರೆಗೂ ಬರೆದೆ. ಪೂರ್ತಿ ಒಂದು ಪುಟ. "ಒಬ್ಬ ಕೈದಿ ತಿಳಿಸಿದಂತೆ" ಎಂದಷ್ಟೇ ಬರೆದು ಹೆಸರು ಬಿಟ್ಟೆ. ಎಷ್ಟು ಜಾಣೆ ನಾನು ಎಂದು ನನಗೇ ಅನ್ನಿಸಿತು. ಅವರು ಓದಿ, ಮುಖದ ಮೇಲೆ ಏನೂ ತೋರಿಸದೆ, "ಗಮನಿಸುತ್ತೇವೆ ಮೇಡಂ" ಎಂದರು.

ಮುಂದಿನ ತಿಂಗಳು ಕಪ್ಪು ಕನ್ನಡಕದ ಬೆನ್ ಜೊತೆ ಹೋದಾಗ ಬಚ್ಚಲ ಬಾಗಿಲು ತೆರೆದಿತ್ತು. ಸೋಪು ಸವೆದು ಅರ್ಧವಾಗಿತ್ತು. ಅಂಗಳದಲ್ಲಿ ಪಾಚಿ ಕೆರೆದು ಎರಡು ಹೊಸ ನಳ ಕೂರಿಸಿದ್ದರು. ಮುದುಕಿಯ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ. ನಳ ತಿರುಗಿಸಿ ನೀರು ಬಿಟ್ಟು ಬೆನ್‌ಗೆ ತೋರಿಸಿದೆ. ನಮ್ಮವಳಿಗೂ ಹೇಳಬೇಕೆಂದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲೂ ಕಾಣಲಿಲ್ಲ.

"ಬದಲಿ ಥಈ ಗಈ" ಎಂದಳು ಮೇಟ್ರನ್. ಇನ್ನೊಂದು ಊರಿನ ಜೈಲಿಗೆ ವರ್ಗವಾಗಿದ್ದಳು, ನಾನು ಬರೆದು ಹೋದ ವಾರದೊಳಗೆ.

"ಇಲ್ಲಿ ಜನ ಹೆಚ್ಚಾಗಿದ್ದರು ಮೇಡಂ. ಆಡಳಿತದ ಕಾರಣ" ಎಂದರು ಸೂಪರಿಂಟೆಂಡೆಂಟರು.

"ಅವಳೊಬ್ಬಳೇ ಹೆಚ್ಚಾಗಿದ್ದಳೇ?"

"ಸದ್ಯಕ್ಕೆ ಒಬ್ಬಳು" ಎಂದು ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸಿದರು. ವಿಸಿಟ್ ಬುಕ್ಕಿನಲ್ಲಿ ನನ್ನ ಪುಟದ ಕೆಳಗೆ, ಎಲ್ಲವನ್ನೂ ಸರಿಪಡಿಸಲಾಗಿದೆ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಸುಳ್ಳೇನೂ ಅಲ್ಲ.

ವಾಪಸು ಬರುವಾಗ ಆಟೋದಲ್ಲಿ ಬೆನ್ ಕೇಳಿದರು. "ಅವಳ ಹತ್ತಿರ ಎಷ್ಟು ಹೊತ್ತು ನಿಂತಿದ್ದೆ?"

"ಹತ್ತು ನಿಮಿಷ. ಆದರೆ ಕನ್ನಡದಲ್ಲಿ, ಬೆನ್! ಅಲ್ಲಿ ಯಾರಿಗೂ ಒಂದಕ್ಷರ ಅರ್ಥವಾಗಿಲ್ಲ."

"ಅರ್ಥ ಯಾಕಾಗಬೇಕು? ಆ ಬ್ಯಾರಕ್ಕಿನಲ್ಲಿ ಕನ್ನಡ ಬರುವವಳು ಒಬ್ಬಳೇ. ನೀನು ಹತ್ತು ನಿಮಿಷ ಮಾತಾಡಿದ್ದು ಅವಳೊಬ್ಬಳ ಜೊತೆ. ಹೊರಗೆ ಬಂದು ಒಂದು ಪುಟ ಬರೆದೆ. ಹೆಸರು ಬೇರೆ ಬರೆಯಬೇಕಿತ್ತೇ?" ಕಪ್ಪು ಕನ್ನಡಕ ಸರಿಮಾಡಿಕೊಂಡು ಮತ್ತೆ ಹೇಳಿದರು. "ಸೋಪು ನೋಡಿದ್ದೆ ಅಂದೆಯಲ್ಲ. ಒಣಗಿದ ಕಂಡಿ ನೋಡಿದ್ದೆ. ಅದನ್ನು ಬರೆದಿದ್ದರೆ ಸಾಕಿತ್ತು. ಅದು ನಿನ್ನ ಕಣ್ಣಿನದು, ಯಾರ ಬಾಯಿಯದೂ ಅಲ್ಲ."

ಮನೆಗೆ ಬಂದು ಅನ್ನಕ್ಕಿಟ್ಟು, ಕುಕ್ಕರಿನ ಸೀಟಿ ಎಣಿಸುವುದು ಮರೆತು ತಳ ಹತ್ತಿಸಿದೆ.

ಆಮೇಲಿನ ದಿನಗಳಲ್ಲಿ ನಾನು ಮನೆಯಲ್ಲಿ ನಿಂತದ್ದೇ ಕಡಿಮೆ. ಅವಳನ್ನು ವಾಪಸು ಕರೆಸಿ ಎಂದು ಅರ್ಜಿ ಬರೆದೆ, ಬೆನ್ ಕೈಯಲ್ಲಿ ತಿದ್ದಿಸಿ ಮತ್ತೆ ಬರೆದೆ. ದಿನಾ ಬೆಳಿಗ್ಗೆ ಒಂದಲ್ಲ ಒಂದು ಕಚೇರಿಗೆ ಫೋನು. ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ. ಒಂದು ಸೋಮವಾರ ಜೈಲಿನ ಗೇಟಿಗೆ ಹೋಗಿ, ಮುಲಾಕಾತಿಗೆ ಬಂದವರ ಸಾಲಿನಲ್ಲಿ ಕನ್ನಡದ ಮುಖ ಹುಡುಕಿದೆ, ಕನ್ನಡದಲ್ಲೇ ಕೂಗಿ ಕೇಳಿದೆ. ತಂಗಿ ಸಾಲಿನಲ್ಲಿರಲಿಲ್ಲ, ಗೋಡೆಯ ಬದಿಗೆ ಕೂತಿದ್ದಳು. ಅಕ್ಕ ಇಲ್ಲವೆಂದು ತಿಂಗಳ ಹಿಂದೆಯೇ ಹೇಳಿ ಕಳಿಸಿದ್ದರಂತೆ. ಎಲ್ಲಿಗೆ ಎಂಬುದು ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ. ಮತ್ತೆ ಬಂದರೆ ಯಾರಾದರೂ ಹೇಳಬಹುದೆಂದು ಪ್ರತಿ ಸೋಮವಾರ ಬರುತ್ತಲೇ ಇದ್ದಳು. ನಾನು ಎಲ್ಲವನ್ನೂ ಹೇಳಿದೆ, ನನ್ನ ಪಾಲಿನದನ್ನೂ ಬಿಡಲಿಲ್ಲ. ಬೈಯಲಿ ಎಂದೇ ಹೇಳಿದೆ. ಅವಳು ಬೈಯಲಿಲ್ಲ. "ಆ ಊರು ಎಷ್ಟ ದೂರ ಆಗ್ತದ್ರೀ?" ಎಂದು ಕೇಳಿದಳು.

ಆ ಊರೂ ನಾನು ಹೇಳಿದ ಮೂರರಲ್ಲೊಂದು, ಮೂರೂ ಒಂದೇ ರೈಲುಹಾದಿಯಲ್ಲಿವೆ. ಒಂದು ಬುಧವಾರ ಇಬ್ಬರೂ ಬೆಳಗಿನ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ, ಶೇಂಗಾ ಕೊಂಡು ಅವಳ ಮಡಿಲಿಗೆ ಹಾಕಿದೆ, ಕಿಟಕಿ ಏರಿಸಿದೆ, ಇಳಿಸಿದೆ. ಅವಳು ಒಂದೊಂದೇ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ ಹೊರಗೆ ನೋಡುತ್ತಿದ್ದಳು. ಜೈಲು ನೋಡಲು ನನಗೆ ಕೊಟ್ಟ ಕಾರ್ಡು ನಡೆಯುವುದು ನಮ್ಮೂರಿನ ಜೈಲಿನಲ್ಲಿ ಮಾತ್ರ. ಇಲ್ಲಿ ನಾನು ಯಾರೂ ಅಲ್ಲ, ಸಂಬಂಧಿಕಳೂ ಅಲ್ಲ. ತಂಗಿಯನ್ನು ಒಳಗೆ ಬಿಟ್ಟರು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತೆ, ಎದ್ದೆ, ಮತ್ತೆ ಕೂತೆ. ಪಾನ್ ಅಂಗಡಿಯವನು ಯಾರಾದರೂ ಒಳಗಿದ್ದಾರೆಯೇ ಎಂದು ಕನಿಕರದಿಂದ ವಿಚಾರಿಸಿದ.

ಅವಳು ಬೇಗನೇ ಹೊರಗೆ ಬಂದಳು.

"ಹೆಂಗ ಇದ್ದಾಳ?"

"ಅದಾಳ್ರಿ. ಸೊರಗ್ಯಾಳ. ಇಲ್ಲೂ ನಿಮ್ಮಂಥ ಬಾಯಾರು ಬಂದಿದ್ರಂತ. ಏನರ ತ್ರಾಸ ಐತೇನು ಅಂತ ಕೇಳಿದ್ರಂತ."

"ಏನ ಹೇಳಿದ್ಳಂತ?"

"ಸಬ್ ಅಚ್ಛಾ ಹೈ ಅಂದ್ಳಂತ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮಗೊಂದ ಮಾತ ಹೇಳಂದಾಳ್ರಿ. ಸಿಟ್ಟಾಗಬ್ಯಾಡ್ರಿ."

"ಹೇಳು."

"ಇನ್ನ ಯಾ ಜೈಲಿನ್ಯಾಗರ ಕನ್ನಡದಾಕಿ ಸಿಕ್ರ, ಮಾತಾಡಸಬ್ಯಾಡ್ರಂತ. ಗುರುತ ಇಲ್ಲದಂಗ ಹೋಗಿಬಿಡ್ರಂತ."

ಸಿಟ್ಟಾಗಬೇಡಿ ಎಂದಿದ್ದಳು. ಆದರೆ ನನಗೆ ಮೊದಲು ಬಂದದ್ದು ಸಿಟ್ಟೇ. ಇಷ್ಟು ಓಡಾಡಿದ್ದೇನೆ, ಇಷ್ಟು ಅರ್ಜಿ ಬರೆದಿದ್ದೇನೆ, ಇಲ್ಲಿಯವರೆಗೆ ಕರೆದುಕೊಂಡು ಬಂದಿದ್ದೇನೆ, ಅದಕ್ಕೆ ಇದೇ ಉತ್ತರವೇ ಎಂದು ಮೈ ಉರಿಯಿತು. ಎಷ್ಟೆಂದರೂ ಅಲ್ಲಿ ಎರಡು ನಳ ಬಂದವಲ್ಲ, ಹೋಗಿ ನಿನ್ನ ಅಕ್ಕನಿಗೆ ಹೇಳು ಎನ್ನಲು ಬಾಯಿ ತೆರೆದೆ. ಅವುಗಳಿಂದ ಅಕ್ಕ ಒಂದು ಚೊಂಬು ನೀರನ್ನೂ ಹಿಡಿದಿರಲಿಲ್ಲ ಎಂಬುದು ಆಗ ಹೊಳೆಯಿತು. ತಂಗಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು, ವಾಪಸು ಹೋಗಿ ಅಕ್ಕನಿಗೆ ಏನು ಹೇಳಲಿ ಎಂಬಂತೆ. ಆಗಲಿ ಅಂದೆ ಅಂತ ಹೇಳು, ಎಂದೆ. ಅಷ್ಟರಲ್ಲಿ ಮುಲಾಕಾತಿನ ಹೊತ್ತು ಮುಗಿದು ಗೇಟು ಹಾಕಿಯಾಗಿತ್ತು.