ಬಂಡೆ ಮನೆಯ ಸ್ಫಟಿಕದ ಹೂವು

ಚಿಕ್ಕಲಸಂದ್ರದ ನಮ್ಮ ಬೀದಿಯಲ್ಲಿ ನನ್ನ ಮನೆಗೆ ಬಂಡೆ ಮನೆ ಎಂದೇ ಹೆಸರು. ಗೇಟಿನಿಂದ ಬಾಗಿಲವರೆಗೆ ಇರುವ ಹತ್ತಡಿ ಜಾಗದಲ್ಲಿ ಮುಕ್ಕಾಲು ಪಾಲು ಬಂಡೆ. ಉಳಿದದ್ದು ಗರಸು, ಅಂದರೆ ಮಣ್ಣಿಗಿಂತ ಕಲ್ಲಿನ ಚೂರೇ ಹೆಚ್ಚಿರುವ ನೆಲ. ಮನೆ ಕಟ್ಟುವಾಗ ಬಂಡೆ ಒಡೆಸೋಣವೆಂದರೆ ಎರಡೂ ಕಡೆ ಮನೆಗಳು ಅಂಟಿಕೊಂಡಿದ್ದವು, ಮದ್ದು ಇಟ್ಟು ಸಿಡಿಸುವ ಹಾಗಿರಲಿಲ್ಲ. ಇರಲಿ ಬಿಡು, ಕೂತುಕೊಳ್ಳುವುದಕ್ಕಾಗುತ್ತದೆ ಎಂದರು ನನ್ನ ಗಂಡ. ರಜೆಯ ದಿನ ಅವರು ಅದರ ಮೇಲೆಯೇ ಕೂತು ಪೇಪರ್ ಓದುತ್ತಿದ್ದರು.

ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಅವರು ಜೆ.ಪಿ. ನಗರದ ಒಂದು ಪ್ರೆಸ್ಸಿನಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ನನಗೆ ನಲವತ್ತೆಂಟು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅವರಿಗೆ ಕೆಲಸದ ಜಾಗದಲ್ಲೇ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನನಗೆ ಒಬ್ಬಳು ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಅಮ್ಮ ಇಲ್ಲದ ನನ್ನನ್ನು ಸಾಕಿದವಳು, ಮದುವೆ ಮಾಡಿಕೊಟ್ಟವಳು. ತಿಥಿ ಮುಗಿದ ಮಾರನೆಯ ದಿನ ನನ್ನ ತಲೆ ಬಾಚುತ್ತಾ, ಇನ್ನು ಹೂವು ಬೇಡಮ್ಮ, ನೋಡಿದವರು ಏನಾದರೂ ಅಂದುಕೊಳ್ಳುತ್ತಾರೆ ಎಂದಳು. ಅವಳ ದನಿಯಲ್ಲಿ ಕಟುವಾದದ್ದು ಏನೂ ಇರಲಿಲ್ಲ. ಅಳುತ್ತಲೇ ಹೇಳಿದ್ದಳು. ನಾನೂ ತಲೆಯಾಡಿಸಿದ್ದೆ.

ಡ್ಯೂಟಿಗೆ ಮರಳಿದ ಮೇಲೆಯೇ ಅದು ಏನೆಂದು ಗೊತ್ತಾದದ್ದು. ಟಿಕೆಟ್ ತೆಗೆದುಕೊಳ್ಳುವ ಹೆಂಗಸರ ಕಣ್ಣು ನನ್ನ ಹಣೆಯ ಮೇಲೆ ನಿಂತು, ಅಲ್ಲಿಂದ ಜಡೆಗೆ ಹೋಗಿ, ಅಯ್ಯೋ ಪಾಪ ಎಂದುಕೊಂಡು ಕಿಟಕಿಯ ಕಡೆ ಹೊರಳುತ್ತಿತ್ತು. ದಿನಕ್ಕೆ ನೂರಾರು ಜನರಿಂದ ಆ ಅಯ್ಯೋ ಪಾಪ ಹೊತ್ತುಕೊಂಡು ಮನೆಗೆ ಬರುತ್ತಿದ್ದೆ. ಇಪ್ಪತ್ತೆರಡು ವರ್ಷ ನೂಕುನುಗ್ಗಲಿನಲ್ಲಿ, ಕುಡುಕರ ನಡುವೆ, ಚಿಲ್ಲರೆ ಜಗಳಗಳಲ್ಲಿ ತಲೆ ಎತ್ತಿಕೊಂಡೇ ನಿಂತಿದ್ದವಳು ಬಾಗಿಲ ಬಳಿಯ ಸೀಟಿನಲ್ಲಿ ಮುದುಡಿ ಕೂರತೊಡಗಿದೆ.

ನಮ್ಮ ಬೆಳಗಿನ ಮೊದಲ ಟ್ರಿಪ್ಪಿಗೆ ಉತ್ತರಹಳ್ಳಿಯಲ್ಲಿ ಹೂವಿನ ಬುಟ್ಟಿ ಹಿಡಿದು ಒಬ್ಬ ಅಜ್ಜಿ ಹತ್ತುತ್ತಿದ್ದರು. ಬನಶಂಕರಿಯಲ್ಲಿ ರಸ್ತೆ ಬದಿ ಕೂತು ಮಾರುವವರು. ಅವರ ಗಂಡ ಸತ್ತು ಮೂವತ್ತು ವರ್ಷವಾಗಿತ್ತು, ಆದರೂ ಅವರ ಪುಟ್ಟ ತುರುಬಿನಲ್ಲಿ ದಿನವೂ ಕನಕಾಂಬರ ಇರುತ್ತಿತ್ತು. ಒಂದು ದಿನ ಬಸ್ಸು ಖಾಲಿಯಿತ್ತು. ಅವರ ಪಕ್ಕ ಕೂತು, ನಿಮ್ಮನ್ನು ಯಾರೂ ಏನೂ ಅನ್ನುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

“ಅಂತಾರೆ. ನಾನೇ ಮುಡೀದೆ ಇದ್ರೆ ನನ್ನ ಹೂವ ಯಾರು ತಗೋತಾರೆ ಅಂತೀನಿ” ಎಂದು ನಕ್ಕು, ಆಮೇಲೆ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಪಡಿಸುತ್ತಾ ಸೇರಿಸಿದರು, “ಅದು ಸುಳ್ಳು ಕಣವ್ವ. ನಂಗೆ ಇಷ್ಟ, ಅದಕ್ಕೇ ಮುಡೀತೀನಿ.”

ಅಂದೇ ಅವರಿಂದ ಒಂದು ಮೊಳ ಮಲ್ಲಿಗೆ ಕೊಂಡೆ. ಮುಡಿಯುವ ಧೈರ್ಯ ಸಾಲದೆ ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ದಿನವಿಡೀ ಓಡಾಡಿ, ಸಂಜೆ ದೇವರ ಫೋಟೋಗೆ ಹಾಕಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಕೊಂಡ ಹೂವಾದರೆ ದೇವರಿಗೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಮನೆ ಮುಂದೆಯೇ ಹೂವು ಬಿಡಬೇಕು, ಬೀದಿಯವರೆಲ್ಲ ನೋಡಬೇಕು, ಅವರ ಕಣ್ಣೆದುರಿಗೇ ಕಿತ್ತು ಮುಡಿಯಬೇಕು ಎಂಬ ಹಟ ಹಿಡಿದದ್ದು ಆ ಸಂಜೆ.

ನರ್ಸರಿಯಿಂದ ಒಂದು ಮಲ್ಲಿಗೆ ಬಳ್ಳಿ, ಎರಡು ಗುಲಾಬಿ ತಂದು ಬಂಡೆಯ ಪಕ್ಕದ ಗರಸಿನಲ್ಲಿ ನೆಟ್ಟೆ. ದಿನಕ್ಕೆ ಎರಡು ಸಲ ನೀರು ಹಾಕಿದೆ. ಹಾಕಿದ ನೀರು ಕಲ್ಲಿನ ಸಂದಿಯಲ್ಲಿ ಎಲ್ಲಿಗೆ ಹೋಗುತ್ತಿತ್ತೋ, ಗುಲಾಬಿ ಇಪ್ಪತ್ತು ದಿನಕ್ಕೆ ಕಪ್ಪಾಯಿತು. ಮಲ್ಲಿಗೆ ಇನ್ನೊಂದು ತಿಂಗಳು ಎಳೆದಾಡಿಕೊಂಡು ಒಣಗಿತು. ಪಕ್ಕದ ಮನೆಯವರು ನಿವೃತ್ತ ಎಂಜಿನಿಯರ್, ಮರ್ಯಾದಸ್ಥರು. ತಮ್ಮ ಹುಲ್ಲುಹಾಸಿಗೆ ಪೈಪ್ ಹಿಡಿದು ನಿಂತು, ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು.

“ಅಲ್ಲಿ ಏನೂ ಬರಲ್ಲ ಮೇಡಂ. ಸುಮ್ನೆ ಸಿಮೆಂಟ್ ಹಾಕ್ಸಿಬಿಡಿ. ಒಬ್ರೇ ಇದೀರ, ನಿಮಗ್ಯಾಕೆ ಈ ತಾಪತ್ರಯ?”

ಒಬ್ಬರೇ ಇದ್ದೀರ ಎಂಬ ಮಾತು ಅವರ ಬಾಯಿಂದ ಬರದಿದ್ದರೆ ನಾನು ಅಲ್ಲಿಗೆ ಬಿಟ್ಟುಬಿಡುತ್ತಿದ್ದೆನೋ ಏನೋ. ಮಾರನೆಯ ಬೆಳಿಗ್ಗೆ ಅಜ್ಜಿಗೆ ಹೇಳಿಕೊಂಡೆ. ಬಂಡೆ ಮೇಲೆ ಮಲ್ಲಿಗೆ ಬೆಳೆಯಲು ಹೋದಿರಾ ಎಂದು ಅವರಿಗೆ ನಗು. ಎರಡು ದಿನ ಬಿಟ್ಟು, ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಕಟ್ಟು ಕಡ್ಡಿ ತಂದುಕೊಟ್ಟರು. ಬೆರಳಿನ ದಪ್ಪ, ಗೇಣುದ್ದ. ಸ್ಫಟಿಕದ ಗಿಡದ್ದು. ಚಳಿಗಾಲದಲ್ಲಿ ತಿಳಿನೇರಳೆ, ಬಿಳಿ ಹೂವು ಬಿಡುವ ಈ ಗಿಡವನ್ನು ನಾನೂ ಹೊಲದ ಬದುಗಳಲ್ಲಿ, ಹಳೇ ಕಾಂಪೌಂಡುಗಳ ಪಕ್ಕ ನೋಡಿದ್ದೆ. ಅದಕ್ಕೆ ವಾಸನೆ ಇಲ್ಲ, ಬೆಲೆಯೂ ಕಡಿಮೆ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ನೆಟ್ಟ ಮೊದಲ ತಿಂಗಳು ಮಾತ್ರ ನೀರು ಬೇಕು, ಆಮೇಲೆ ಅದರ ಪಾಡಿಗೆ ಬಿಡಬೇಕು, ಮುದ್ದು ಮಾಡಿದರೆ ಕೊಳೆತು ಹೋಗುತ್ತದೆ ಎಂದು ಅಜ್ಜಿ ಹೇಳಿಕೊಟ್ಟರು. ಹೂವು ಮುಗಿದ ಮೇಲೆ ಗೇಣೆತ್ತರಕ್ಕೆ ಕತ್ತರಿಸಬೇಕು ಎಂದೂ ಹೇಳಿದ್ದರು.

ಮಳೆ ಶುರುವಾಗಿತ್ತು. ವಾರದ ರಜೆಯ ದಿನ ಪಕ್ಕದ ಬೀದಿಯ ಮೇಸ್ತ್ರಿಯಿಂದ ಹಾರೆ ತಂದು ಬಂಡೆಯ ಬಿರುಕುಗಳನ್ನು ಮೀಟಿದೆ. ಸಡಿಲವಿದ್ದ ಕಲ್ಲು ಎಬ್ಬಿಸಿದೆ, ಜಗ್ಗದ್ದನ್ನು ಬಿಟ್ಟೆ. ಅಂಗೈಯಲ್ಲಿ ಬೊಬ್ಬೆಗಳು ಬಂದು ಒಡೆದವು. ಸಿಕ್ಕ ಸಂದಿಗಳಿಗೆ ಗರಸು, ಬೀದಿಯ ಹೊಂಗೆ ಮರದ ತರಗೆಲೆ ಎರಡನ್ನೂ ತುಂಬಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಕಡ್ಡಿ ಊರಿದೆ. ಹದಿನೆಂಟು ಕಡ್ಡಿಯಲ್ಲಿ ಹದಿಮೂರು ಚಿಗುರಿದವು. ಆ ವರ್ಷದ ಕಾರ್ತಿಕದಲ್ಲಿ ಮೊದಲ ಮೊಗ್ಗು ಕಂಡಿತು. ಒಂದು ಬೆಳಿಗ್ಗೆ ಹನ್ನೊಂದು ಹೂವು ಬಿಟ್ಟಿತ್ತು. ಎಂಜಿನಿಯರ್ ಸಾಹೇಬರು ವಾಕಿಂಗಿಗೆ ಹೊರಟಿದ್ದರು. ಅವರು ನೋಡುತ್ತಿದ್ದಂತೆಯೇ ಹನ್ನೊಂದನ್ನೂ ಕಿತ್ತು, ಬಂಡೆಯ ಮೇಲೆ ಕೂತು ದಾರಕ್ಕೆ ಕಟ್ಟಿ ಮುಡಿದುಕೊಂಡು ಡ್ಯೂಟಿಗೆ ಹೋದೆ. ಬಸ್ಸಿನಲ್ಲಿ ಕೆಲವರು ನೋಡಿದರು, ನಾನೂ ತಿರುಗಿ ನೋಡಿದೆ. ಅಂದು ಬಾಗಿಲ ಬಳಿ ಕೂರಲಿಲ್ಲ.

ಆದರೆ ಹೂವು ಮುಗಿದ ಮೇಲೆ ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ಕಷ್ಟಪಟ್ಟು ಬೆಳೆದದ್ದಕ್ಕೆ ಕತ್ತರಿ ಹಾಕುವುದು ಹೇಗೆ? ಗಿಡಗಳು ಸೊಂಟದೆತ್ತರ ಬೆಳೆದು ಅಡ್ಡಾದಿಡ್ಡಿ ಹಬ್ಬಿಕೊಂಡವು. ಎರಡನೆಯ ಬೇಸಿಗೆ ಭೀಕರವಾಗಿತ್ತು. ಬೀದಿಯ ಬೋರ್‌ವೆಲ್‌ಗಳೆಲ್ಲ ಬತ್ತಿ, ಟ್ಯಾಂಕರ್ ಬಂದರೆ ಬಿಂದಿಗೆ ಹಿಡಿದು ಓಡುತ್ತಿದ್ದೆವು. ಪಕ್ಕದ ಮನೆಯ ಹುಲ್ಲುಹಾಸು ಚಾಪೆಯ ಬಣ್ಣಕ್ಕೆ ತಿರುಗಿತು. ನನ್ನ ಗಿಡಗಳು ಎಲೆಯೆಲ್ಲ ಉದುರಿಸಿ ಬರೀ ಕಡ್ಡಿಗಳಾಗಿ ನಿಂತವು. ಬೀದಿಯವರೆಲ್ಲ ಸತ್ತವೆಂದರು. ತೊಗಟೆ ಉಗುರಿನಿಂದ ಕೆರೆದು ನೋಡಿದ್ದೆ, ಒಳಗೆ ಹಸಿರಿತ್ತು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ಗೇಟು ತೆಗೆದರೆ ಗಿಡಗಳೇ ಇರಲಿಲ್ಲ. ಬಂಡೆಯ ಸಂದಿಗಳಲ್ಲಿ ನಾಲ್ಕು ಬೆರಳು ಎತ್ತರದ ಮೋಟುಗಳು. ಬೀದಿಯ ಮರಗಳ ಕೊಂಬೆ ಕಡಿಯಲು ಬಂದ ಆಳುಗಳನ್ನು ಎಂಜಿನಿಯರ್ ಸಾಹೇಬರು ನನ್ನ ಗೇಟಿನೊಳಗೂ ಕಳಿಸಿದ್ದರಂತೆ. ಒಣಗಿದ ಪೊದೆ, ಹಾವು ಸೇರಿಕೊಳ್ಳುತ್ತದೆ, ಯಾರಾದರೂ ಬೀಡಿ ಎಸೆದರೆ ಬೆಂಕಿ ಹತ್ತುತ್ತದೆ ಎಂದು ಅವರು ಹೇಳಿದ್ದು ಎದುರು ಮನೆಯವರಿಂದ ಗೊತ್ತಾಯಿತು. ಯೂನಿಫಾರ್ಮ್ ಕೂಡ ಬದಲಿಸದೆ ಹೋಗಿ ಅವರ ಬೆಲ್ ಒತ್ತಿದೆ.

“ನಾನಿಲ್ದಾಗ ನನ್ನ ಗೇಟೊಳಗೆ ಯಾರನ್ನ ಕೇಳಿ ಕಳಿಸಿದ್ರಿ ಸಾರ್?”

ಒಣಗಿ ಹೋಗಿತ್ತಲ್ಲ, ನಿಮಗೆ ಸಹಾಯವಾಗಲಿ ಎಂದು ಮಾಡಿಸಿದೆ ಎಂದರು. ಅದು ಒಣಗಿರಲಿಲ್ಲ, ಒಣಗಿದ್ದರೂ ಅದು ನನ್ನದು ಎಂದೆ. ಇದೇ ಮನೆಯಲ್ಲಿ ಗಂಡಸಿದ್ದಿದ್ದರೆ ಕೇಳದೆ ಕಳಿಸುತ್ತಿದ್ದಿರಾ ಎಂದೂ ಕೇಳಿದೆ. ಮನೆಗೆ ಬಂದು ಬಿಸಿ ಬಂಡೆಯ ಮೇಲೆ ಕೂತು ಅತ್ತೆ. ಗಂಡ ಹೋದಾಗ ಹತ್ತು ಜನ ಹಿಡಿದುಕೊಂಡಿದ್ದರು, ಈ ಸಲ ತಡೆಯುವವರು ಯಾರೂ ಇರಲಿಲ್ಲ. ಬೇಕಾದಷ್ಟು ಅತ್ತೆ.

ಮೇ ತಿಂಗಳ ಎರಡು ಮಳೆ ಬಿದ್ದದ್ದೇ ತಡ, ಒಂದೊಂದು ಮೋಟಿನಿಂದ ಏಳೆಂಟು ಚಿಗುರು ಒಡೆದವು. ಶ್ರಾವಣದ ಹೊತ್ತಿಗೆ ಬಂಡೆ ಕಾಣದಷ್ಟು ಒತ್ತಾಗಿ ಬೆಳೆದವು. ಅಜ್ಜಿಗೆ ಹೇಳಿದರೆ, ನೀವು ಮಾಡದ ಕೆಲಸ ಆ ಯಪ್ಪ ಮಾಡಿಸಿದ್ದಾನೆ ಎಂದು ಬೊಚ್ಚುಬಾಯಿ ತುಂಬ ನಕ್ಕರು. ಎಂಜಿನಿಯರ್ ಸಾಹೇಬರೂ ಕಾಂಪೌಂಡಿನ ಬಳಿ ನಿಂತು, ನೋಡಿದಿರಾ, ಕಡಿಸಿದ್ದೇ ಒಳ್ಳೆಯದಾಯಿತು ಎಂದರು.

“ಗಿಡಕ್ಕೆ ಒಳ್ಳೇದಾಯ್ತು ಸಾರ್. ನೀವು ಮಾಡಿದ್ದು ತಪ್ಪೇ” ಎಂದೆ. ಆಮೇಲೆ ಅವರು ನನ್ನ ಗೇಟಿನ ಒಳಗಿನ ವಿಷಯಕ್ಕೆ ಬರಲಿಲ್ಲ.

ಆ ಚಳಿಗಾಲ ಅಕ್ಕನ ಮಗಳಿಗೆ ಏಳನೆಯ ತಿಂಗಳು. ಗಿರಿನಗರದ ಒಂದು ಸಣ್ಣ ಪಾರ್ಟಿ ಹಾಲಿನಲ್ಲಿ ಸೀಮಂತ. ಅಕ್ಕ ಫೋನ್ ಮಾಡಿ, ಊಟದ ಹೊತ್ತಿಗೆ ಬಾ ಎಂದಳು. ಆರತಿಯ ಹೊತ್ತಿಗೆ ಬರಬೇಡ ಎಂಬುದನ್ನು ಹೇಳುವ ರೀತಿ ಅದು. ಹತ್ತು ನಿಮಿಷಕ್ಕೆ ಮಗಳೇ ಫೋನ್ ಮಾಡಿದಳು. “ಚಿಕ್ಕಮ್ಮ, ನೀನು ಬೆಳೆದಿರೋ ಹೂವೇ ನಂಗೆ ಬೇಕು. ನೀನೇ ಮುಡಿಸ್ಬೇಕು. ಬೆಳಿಗ್ಗೇನೇ ಬಾ.”

ಬೆಳಗಿನ ಇಬ್ಬನಿಯಲ್ಲೇ ಬುಟ್ಟಿ ತುಂಬ ಕಿತ್ತು, ನೇರಳೆಯ ನಡುವೆ ಬಿಳಿ ಬರುವ ಹಾಗೆ ದಂಡೆ ಕಟ್ಟಿದೆ. ನಾನೂ ಒಂದು ತುಂಡು ಮುಡಿದೆ. ಹಾಲಿನ ಬಾಗಿಲಲ್ಲೇ ಅಕ್ಕ ಎದುರಾದಳು. ನನ್ನ ತಲೆ ನೋಡಿ ಅವಳ ಮುಖ ಸಣ್ಣದಾಯಿತು. ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು ಮೆಲ್ಲಗೆ ಹೇಳಿದಳು.

“ಬಸುರಿ ಹುಡುಗಿ ಕಣೇ. ಇವತ್ತೊಂದಿನ ತೆಗೆದುಬಿಡು. ನಿನ್ನ ಕಾಲಿಗೆ ಬೀಳ್ತೀನಿ.”

ಅವಳ ಕಣ್ಣಲ್ಲಿ ಇದ್ದದ್ದು ಭಯ. ಸಾಕಿದವಳ ಆ ಭಯದ ಮುಂದೆ ನಿಲ್ಲುವುದು ಬೀದಿಯವರ ಮುಂದೆ ನಿಂತಷ್ಟು ಸುಲಭವಾಗಿರಲಿಲ್ಲ.

“ತೆಗೆಯಲ್ಲ ಅಕ್ಕ. ನಾನು ಅಪಶಕುನ ಅಂತ ನೀನು ಒಪ್ಕೊಂಡ್ರೂ ನಾನು ಒಪ್ಪಲ್ಲ” ಎಂದೆ.

ಒಳಗೆ ಹೋಗಿ, ಹಸೆಯ ಮೇಲೆ ಕೂತಿದ್ದ ಹುಡುಗಿಯ ಜಡೆಗೆ ದಂಡೆ ಮುಡಿಸಿದೆ. ಆರತಿ ಹಾಡುತ್ತಿದ್ದವರ ದನಿ ಒಂದು ಕ್ಷಣ ತಡೆದು, ಮತ್ತೆ ಎದ್ದಿತು. ಅಕ್ಕ ಅಡುಗೆಯವರ ಕಡೆ ಹೋದವಳು ಊಟ ಮುಗಿಯುವವರೆಗೂ ಈ ಕಡೆ ಬರಲಿಲ್ಲ.

ಮುಂದಿನ ಎರಡು ತಿಂಗಳು ನಾನು ಹೇಗಿದ್ದೆ ಎಂಬುದನ್ನೂ ಹೇಳಬೇಕು. ಆ ಹುಡುಗಿಗೆ ಸ್ವಲ್ಪ ಬಿಪಿ ಹೆಚ್ಚಾಗಿದೆ ಎಂದು ಕೇಳಿದರೆ ದಿನಕ್ಕೆರಡು ಸಲ ಅವಳಿಗೆ ಫೋನ್ ಮಾಡುತ್ತಿದ್ದೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲವೆಂದು ತಿಳಿದಿದ್ದೂ ಹೆದರಿದೆ. ಹೆದರಿಕೊಂಡೇ ದಿನವೂ ಮುಡಿದೆ. ಒಂದು ದಿನ ಬಿಟ್ಟಿದ್ದರೂ ಅಕ್ಕನ ಮಾತನ್ನು ನಾನೇ ನಿಜ ಮಾಡಿದ ಹಾಗಾಗುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಪದ್ಮನಾಭನಗರದ ಸ್ಟಾಪಿನಲ್ಲಿ ಬಸ್ಸು ನಿಂತಿದ್ದಾಗ ಅಕ್ಕನ ಫೋನ್ ಬಂತು. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿ ಇಟ್ಟಳು. ಸೀಟಿ ಊದಲು ಮರೆತು ನಿಂತಿದ್ದೆನಂತೆ, ಡ್ರೈವರ್ ಹಿಂತಿರುಗಿ ಏನಾಯಿತೆಂದು ಕೇಳಿದರು.

ಮಗುವಿಗೆ ಹತ್ತು ತಿಂಗಳಾಯಿತು, ಗಿಡಗಳು ಮತ್ತೆ ಹೂವು ಬಿಟ್ಟಿವೆ, ಅಕ್ಕ ಇನ್ನೂ ನನ್ನ ಮನೆಗೆ ಬಂದಿಲ್ಲ. ನಾನೇ ಹೋಗುತ್ತೇನೆ, ಮುಡಿದುಕೊಂಡೇ ಹೋಗುತ್ತೇನೆ. ಅವಳು ಕಾಫಿ ಕೊಡುತ್ತಾಳೆ, ಮಗುವನ್ನು ಮಡಿಲಿಗೆ ಹಾಕುತ್ತಾಳೆ, ನನ್ನ ತಲೆಯ ಕಡೆ ಮಾತ್ರ ನೋಡುವುದಿಲ್ಲ. ಹೋದ ವಾರ ಆ ಮಗು ನನ್ನ ಹೆಗಲ ಮೇಲಿಂದ ಕೈ ಹಾಕಿ ಮಾಲೆಯನ್ನು ಹಿಡಿದು ಎಳೆದುಬಿಟ್ಟಿತು. ಅರ್ಧ ಹೂವು ನೆಲಕ್ಕೆ ಬಿತ್ತು. ಅಕ್ಕ ಬಗ್ಗಿ ಒಂದೊಂದಾಗಿ ಆರಿಸಿ, ಕಸದ ಬುಟ್ಟಿಯವರೆಗೆ ಹೋಗಿ, ಯಾಕೋ ತಿರುಗಿ ಬಂದು ಟೇಬಲ್ಲಿನ ಮೇಲಿಟ್ಟಳು. ಉಳಿದರ್ಧವನ್ನು ಸರಿಯಾಗಿ ಸಿಕ್ಕಿಸಿಕೊಂಡು ನಾನು ಕಾಫಿ ಮುಗಿಸಿದೆ.