ಡೇನಿಯಲ್ ಸರ್ ಅವರ ಅನುಮಾನ

ನಾವು ಮಾತು ಮುಗಿಸುವವರೆಗೂ ಡೇನಿಯಲ್ ಸರ್ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ಮುಗಿದ ಮೇಲೆ ಒಂದು ಕಣ್ಣನ್ನು ಮಾತ್ರ ತೆರೆದು, "ಇದನ್ನ ಯಾರು ಹೇಳ್ಕೊಟ್ರು?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಶಿವಾಜಿನಗರದ ಹತ್ತಿರದ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸ್ಟ್ಯಾಟಿಸ್ಟಿಕ್ಸ್ ಮೇಷ್ಟರಾಗಿ ನಿವೃತ್ತರಾಗಿದ್ದ ಸರ್, ಹಲಸೂರಿನಿಂದ ಬಂದು ಲೈಬ್ರರಿ ಪಕ್ಕದ ಕೋಣೆಯಲ್ಲಿ ಕೂತು, ಮುಂದೇನು ಎಂದು ತಿಳಿಯದವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸುತ್ತಿದ್ದರು. ಬಿಟ್ಟಿ ಸಲಹೆ. ನಮಗೆ ಗುಮಾನಿ ಹುಟ್ಟಿದ್ದೇ ಅದರಿಂದ. ಇಂದಿರಾನಗರದ ಯಾವುದೋ ಇನ್‌ಸ್ಟಿಟ್ಯೂಟಿನಿಂದ ಇವರಿಗೆ ಕಮಿಷನ್ ಬರುತ್ತದೆಂದು ಕ್ಯಾಂಟೀನಿನಲ್ಲಿ ಸುದ್ದಿಯಿತ್ತು. ಅಪ್ಪಂದಿರಿಗೆ ವರದಿ ಒಪ್ಪಿಸುತ್ತಾರೆ ಎಂದೂ ಕೆಲವರು ಹೇಳುತ್ತಿದ್ದರು. ಹಾಗಾಗಿ ನಾನು ಹುಷಾರಾಗಿಯೇ ಹೋದೆ.

"ಕಂಪ್ಯೂಟರ್ ಅಂದ್ರೆ ತುಂಬಾ ಇಷ್ಟ ಸರ್."

ಒಂದು ಕಣ್ಣು ತೆರೆಯಿತು. "ಯಾರಿಗಮ್ಮಾ? ನಿಂಗಾ, ನಿಮ್ಮಪ್ಪಂಗಾ?"

ಎದ್ದು ಬಂದುಬಿಟ್ಟೆ.

ಸ್ವಲ್ಪ ದಿನಕ್ಕೆ ನನಗೂ ಗೆಳತಿ ಶಬಾನಾಳಿಗೂ ಇಂದಿರಾನಗರದ ಹೊಸ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳ ಧ್ವನಿ ಕೇಳಿ ಟೈಪ್ ಮಾಡುವುದು. ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಕಂಪನಿಯವರ ಬಳಿ ಇಡಬೇಕಿತ್ತು. ಸರ್ ಎದುರು ಜಂಬ ಕೊಚ್ಚಲೆಂದೇ ಹೋಗಿ ನಮ್ಮಿಬ್ಬರ ವಿಷಯವನ್ನೂ ಹೇಳಿದೆ. ಒರಿಜಿನಲ್ ಎಂಬ ಮಾತಿಗೆ ಅವರ ಎರಡೂ ಕಣ್ಣುಗಳು ತೆರೆದವು. "ನಡಿ, ನೋಡ್ಕೊಂಡ್ ಬರೋಣ" ಎಂದವರೇ ಛತ್ರಿ ಹಿಡಿದು ನನ್ನೊಂದಿಗೆ ಬಸ್ ಹತ್ತಿದರು.

ಕಂಪನಿಯ ಮ್ಯಾನೇಜರ್ ಮುಂದೆ ಕೂತು, "ಇಲ್ಲಿ ಕೆಲಸ ಬಿಟ್ಟು ಹೋದೋರ್ ಯಾರಾದ್ರೂ ಇದ್ರೆ ವಿಳಾಸ ಕೊಡಿ. ಅವರ ಕಾರ್ಡು ವಾಪಸ್ ಬಂತಾ ಅಂತ ಕೇಳ್ಬೇಕು" ಎಂದರು.

"ನೀವು ಹುಡುಗಿ ತಂದೆನಾ ಸರ್?"

"ಅಲ್ಲಪ್ಪಾ. ಅನುಮಾನ ಪಡೋಕೂ ತಂದೆನೇ ಆಗ್ಬೇಕಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುದಿನ ಆ ಕೆಲಸ ನನ್ನ ಕೈತಪ್ಪಿತು. ಶಬಾನಾ ಸೇರಿಕೊಂಡಳು. ನಾನು ಉರಿಯುತ್ತಾ ಲೈಬ್ರರಿ ಪಕ್ಕದ ಕೋಣೆಗೆ ನುಗ್ಗಿದೆ.

"ನಿಮ್ಗೆ ಯಾವ ಇನ್‌ಸ್ಟಿಟ್ಯೂಟಿಂದ ಕಮಿಷನ್ ಬರುತ್ತೆ ಸರ್?"

ಬೈಯುತ್ತಾರೆಂದುಕೊಂಡಿದ್ದೆ. ಅವರ ಮುಖ ಅರಳಿತು. "ಮೊದಲನೇ ದಿನಾನೇ ಕೇಳ್ಬೇಕಿತ್ತಲ್ಲಮ್ಮಾ! ಯಾವುದರಿಂದಾನೂ ಇಲ್ಲ. ನಂಬಬೇಡ, ವಿಚಾರಿಸು. ಈಗ ಹೇಳು, ನಿಂಗೆ ಏನ್ ಬೇಕು?"

"ನಂಗೇನೂ ಗೊತ್ತಿಲ್ಲ ಸರ್" ಎಂದೆ. ಅಳು ಬಂತು.

"ಹಾಂ, ಇದು ನಿನ್ನ ಮಾತು. ಕೂತ್ಕೋ."

ಅಂದು ಸಂಜೆಯವರೆಗೆ ಕೂರಿಸಿಕೊಂಡರು. ಆಮೇಲೆ ಬೇರೆ ಬೇರೆ ಕೆಲಸ ಮಾಡುವವರ ಬಳಿಗೆ ಕಳಿಸಿದರು. "ಏನಿಷ್ಟ ಅಂತ ಕೇಳ್ಬೇಡ, ಎಲ್ಲಾರೂ ಸುಳ್ಳು ಹೇಳ್ತಾರೆ. ಏನು ಬೇಜಾರು ಅಂತ ಕೇಳು." ಹಾಗೆ ಕೇಳುತ್ತಾ ಹೋಗಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಿಂತೆ. ಅಲ್ಲಿನ ಬೇಜಾರುಗಳನ್ನು ನಾನು ತಾಳಿಕೊಳ್ಳಬಲ್ಲೆ ಅನ್ನಿಸಿತ್ತು. ಇಂದಿಗೂ ಅದೇ ಕೆಲಸದಲ್ಲಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಹಲಸೂರಿನ ಬಸ್‌ಸ್ಟಾಪಿನಲ್ಲಿ ಸಿಕ್ಕರು. ಮೈ ಇಳಿದುಹೋಗಿತ್ತು. ನಾನು ತುಸು ಗೆದ್ದ ಧ್ವನಿಯಲ್ಲೇ ಹೇಳಿದೆ: "ಸರ್, ಆ ಕಂಪನಿ ಒಳ್ಳೇದೇ ಆಗಿತ್ತು. ಶಬಾನಾ ಈಗ ಅಲ್ಲೇ ಮ್ಯಾನೇಜರ್. ನಿಮ್ಮ ಅನುಮಾನ ಸುಳ್ಳಾಯ್ತು."

"ಹೌದಾ? ಒಳ್ಳೇದಾಯ್ತು ಬಿಡಮ್ಮಾ" ಎಂದು ನಕ್ಕರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡಾಗ ಶಬಾನಾಳೂ ಬಂದಳು. ಅವಳು ಅವರ ಕೋಣೆಗೆ ಒಮ್ಮೆಯೂ ಹೋದವಳಲ್ಲ. ಚರ್ಚಿನ ಹೊರಗೆ ಗೋಡೆಗೆ ಒರಗಿ ಬಿಕ್ಕುತ್ತಿದ್ದವಳನ್ನು, "ನಿಂಗೆ ಸರ್ ಹೇಗೆ ಗೊತ್ತೇ?" ಎಂದು ಕೇಳಿದೆ.

"ನಿಂಗೆ ಹೇಳಿರ್ಲಿಲ್ವಾ ಅವ್ರು? ನಾನು ಸೇರಿದ್ಮೇಲೆ ಆಗಾಗ ಆಫೀಸ್ ಗೇಟ್ ಹತ್ರ ಬಂದು ನಿಂತ್ಕೊಳ್ಳೋರು ಕಣೇ. ಎಲ್ಲಾ ಸರಿಯಿದ್ಯಾಮ್ಮಾ, ಕಾರ್ಡ್ ವಾಪಸ್ ಕೊಟ್ರಾ ಅಂತ ಕೇಳ್ಕೊಂಡ್ ಹೋಗೋರು. ಕಾರ್ಡು ಕೈಗೆ ಬರೋವರ್ಗೂ ಬಂದ್ರು."