ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದ ನರ್ಸಮ್ಮ

ಮಾಸ್ತಿಯ ಆಸ್ಪತ್ರೆಯಿಂದ ನಮ್ಮೂರಿಗೆ ನಡೆದು ಬರುತ್ತಿದ್ದ ನರ್ಸಮ್ಮ ಮಾತಿಗೆ ಮುಂಚೆ ಹೆಂಗಸರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. “ನಾನ್ ಚೆನ್ನಾಗೇ ಇದೀನಲ್ಲಮ್ಮ?” ಅಂದರೆ, “ಚೆನ್ನಾಗಿರೋವಾಗ್ಲೇ ನೋಡ್ಬೇಕು ಕಣೇ” ಅನ್ನುತ್ತಿದ್ದರು. ಕಾಯಿಲೆಯಿಲ್ಲದವಳಿಗೆ ಪರೀಕ್ಷೆ ಯಾಕೋ, ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಆಗ ನಾನು ಚೊಚ್ಚಲ ಬಸುರಿ. ರೆಪ್ಪೆಯೊಳಗೆ ಕೆಂಪಿಲ್ಲ, ರಕ್ತ ಸಾಲದೆಂದು ಕೆಂಪು ಮಾತ್ರೆ ಕೊಟ್ಟರು. ತಿಂದರೆ ಕೂಸು ಕಪ್ಪಾಗುತ್ತದೆಂದು ಅತ್ತೆ ಹೆದರಿಸಿದರು. ಯಾರ ಮಾತು ನಂಬಲಿ? ಮಾತ್ರೆಗಳನ್ನೆಲ್ಲ ಹಿಪ್ಪುನೇರಳೆ ಗಿಡದ ಬುಡದಲ್ಲಿ ಹೂತುಬಿಟ್ಟೆ.

ಮುಂದಿನ ತಿಂಗಳು ನರ್ಸಮ್ಮ ನನ್ನ ರೆಪ್ಪೆ ಎಳೆದವರೇ ಮಾತ್ರೆ ತಿಂದಿಲ್ಲವೆಂದು ಕಂಡುಕೊಂಡರು. ಬೈಯಲಿಲ್ಲ. ರೇಷ್ಮೆಹುಳುವಿನ ತಟ್ಟೆ ಶುಚಿಮಾಡುತ್ತ ಒಂದೊಂದೇ ಹುಳು ನೋಡುತ್ತಿದ್ದ ಅತ್ತೆಯ ಪಕ್ಕ ಕೂತು, “ಹುಳಾನ ದಿನಾ ಯಾಕಮ್ಮ ಇಷ್ಟು ನೋಡ್ತೀರ?” ಅಂದರು.

“ಅಷ್ಟೂ ಗೊತ್ತಿಲ್ವಾ ನರ್ಸಮ್ಮ? ರೋಗ ಬಂದ್ಮೇಲೆ ನೋಡಿದ್ರೆ ಗೂಡು ಕಟ್ತದಾ?”

“ಹಂಗಾದ್ರೆ ಇದನ್ನೂ ನೋಡಿ” ಎಂದು ನನ್ನ ರೆಪ್ಪೆ ಎಳೆದು ತೋರಿಸಿದರು. ಸುಣ್ಣದಂತೆ ಬೆಳ್ಳಗಿತ್ತಂತೆ. ಅಂದಿನಿಂದ ಅತ್ತೆಯೇ ಎದುರು ಕೂತು ಮಾತ್ರೆ ನುಂಗಿಸಿದರು.

ಮಗಳು ಅವರಪ್ಪನಂತೆ ಕಪ್ಪಗೇ ಹುಟ್ಟಿದಳು, ಬೀದಿಗೆಲ್ಲ ಕೇಳುವಂತೆ ಅತ್ತಳು!

ಮೊನ್ನೆ ಆ ಮಗಳು ಹೆತ್ತಳು. ಮೊಮ್ಮಗಳನ್ನು ಮಡಿಲಿಗೆ ಹಾಕಿದರೆ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೈ ಮಾತ್ರ ತಾನಾಗಿ ಹೋಗಿ ಮಗಳ ಕೆಳರೆಪ್ಪೆ ಎಳೆಯಿತು. ಕೆಂಪಗಿತ್ತು.